ಕೈಗೆ ಸಿಗದ ನಾಲ್ಕು ಕುರಿಗಳು

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಅಡಿಕೆ ತೋಟ, ಪಕ್ಕದಲ್ಲಿ ಒಂದಿಷ್ಟು ಬ್ಯಾಣ (ಹುಲ್ಲುಗಾವಲು). ಗೊಬ್ಬರಕ್ಕೂ ಆದೀತು, ತೋಟದ ಹುಲ್ಲೂ ತಗ್ಗೀತು ಎಂದು ಎರಡು ವರ್ಷದ ಹಿಂದೆ ಬಯಲುಸೀಮೆಯ ಸಂತೆಯಿಂದ ಹದಿನೆಂಟು ಹೆಣ್ಣು ಕುರಿ, ಒಂದು ಟಗರು ತಂದೆ. ಮೊದಲ ಮಳೆಗಾಲದಲ್ಲೇ ಐದು ಸತ್ತವು. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು, ಕಣ್ಣು ಬಿಳಿಚಿಕೊಂಡಿತ್ತು. ಅಂದಿನಿಂದ ತಿಂಗಳಿಗೊಮ್ಮೆ ಎಲ್ಲಕ್ಕೂ ಜಂತಿನ ಔಷಧಿ ಕುಡಿಸುತ್ತಿದ್ದೇನೆ. ಈಗೀಗ ಅದೂ ಹಿಡಿಯುತ್ತಿಲ್ಲ. ಆದರೆ ನಾಲ್ಕು ಕುರಿಗಳು ಮಾತ್ರ ಕಲ್ಲಿನಂತಿವೆ. ಅವು ಕೈಗೆ ಸಿಗುವುದೇ ಅಪರೂಪ, ವರ್ಷಕ್ಕೆ ಒಂದೆರಡು ಸಲ ಔಷಧಿ ಕುಡಿದಿದ್ದರೆ ಹೆಚ್ಚು. ಈ ಗುಣ ಅವಕ್ಕೆ ರಕ್ತದಲ್ಲೇ ಬಂದದ್ದೇ? ಇವುಗಳಿಂದಲೇ ಮಂದೆ ಕಟ್ಟಬಹುದೇ? ರಕ್ತ ಪರೀಕ್ಷೆಯಿಂದ ತಿಳಿಯುವ ದಾರಿ ಇದೆಯೇ? ‘ಹುಳುವೇ ಬಾರದ ತಳಿಯ ಟಗರು’ ಎಂದು ಒಬ್ಬರು ದುಬಾರಿ ಬೆಲೆ ಹೇಳುತ್ತಿದ್ದಾರೆ, ಕೊಳ್ಳಲೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮ ದುಡ್ಡಿದೆ. ಕೊಳ್ಳಬೇಡಿ. ಹುಳುವೇ ಬಾರದ ಕುರಿ ಲೋಕದಲ್ಲಿ ಎಲ್ಲೂ ಇಲ್ಲ. ಹುಳು ಕಡಿಮೆ ನಿಲ್ಲುವ ಕುರಿಗಳಿವೆ, ಅಂಥ ತಳಿಗಳೂ ಇವೆ. ಆದರೆ ಮಾರುವವರ ಕೈಯಲ್ಲಿ ಆ ಟಗರಿನ ಹಿಕ್ಕೆ ಪರೀಕ್ಷೆಯ ಚೀಟಿ ಇಲ್ಲವಾದರೆ ನೀವು ಕೊಳ್ಳುತ್ತಿರುವುದು ಬರೀ ಮಾತನ್ನು. ಕೇಳಿ ನೋಡಿ: ಹಿಕ್ಕೆಯಲ್ಲಿರುವ ಹುಳುವಿನ ಮೊಟ್ಟೆ ಎಣಿಸಿದ್ದು ಯಾವ ತಿಂಗಳಲ್ಲಿ, ಔಷಧಿ ಕುಡಿಸಿ ಎಷ್ಟು ದಿನಕ್ಕೆ, ಒಟ್ಟಿಗೆ ಮೇಯ್ದ ಎಷ್ಟು ಮರಿಗಳ ನಡುವೆ ಎಂದು. ಉತ್ತರ ತಡವರಿಸಿದರೆ ಚಹಾ ಕುಡಿದು ಎದ್ದು ಬನ್ನಿ.

ನಿಮ್ಮ ನಾಲ್ಕು ಕುರಿಗಳ ಕಥೆ ಬೇರೆ. ಅಲ್ಲಿ ನಿಜವಾಗಿ ಏನೋ ಇರಬಹುದು. ಆದರೆ ಮಳೆಗಾಲದಲ್ಲಿ ಕುರಿಯೊಂದು ಗಟ್ಟಿಯಾಗಿ ಕಾಣುವುದಕ್ಕೆ ಕಾರಣ ಒಂದೇ ಆಗಿರಬೇಕಿಲ್ಲ. ಕೆಲವು ಕುರಿಗಳ ಮೈ ಹುಳುವನ್ನು ನೆಲೆ ನಿಲ್ಲಗೊಡುವುದಿಲ್ಲ. ಇದನ್ನು ಪ್ರತಿರೋಧ ಎನ್ನುತ್ತೇವೆ. ಕೆಲವು ಕುರಿಗಳು ಹೊಟ್ಟೆ ತುಂಬ ಹುಳು ಇಟ್ಟುಕೊಂಡೇ ಏನೂ ಆಗದಂತೆ ಮೇಯ್ದುಕೊಂಡಿರುತ್ತವೆ, ಇದು ಸಹನೆ. ಇನ್ನು ಕೆಲವು ಆ ವರ್ಷ ಈದಿರುವುದಿಲ್ಲ, ಹಾಲೂಡಿಸುತ್ತಿರುವುದಿಲ್ಲ, ಅಥವಾ ಮೇಯುವ ಜಾಗವೇ ಬೇರೆಯಾಗಿರುತ್ತದೆ. ಕೈಗೆ ಸಿಗದ ಕುರಿ ಎಂದರೆ ಚುರುಕು ಕುರಿ. ನಿಮ್ಮ ಕಣ್ಣು ತಪ್ಪಿಸಿ ಬೇಲಿಯ ಸೊಪ್ಪು ಎಳೆದು ತಿನ್ನುತ್ತಿರಲೂಬಹುದು. ಮೊಣಕಾಲೆತ್ತರದ ಸೊಪ್ಪಿಗೆ ಹುಳುವಿನ ಮರಿ ಏರುವುದಿಲ್ಲ. ಅದು ಹೆಚ್ಚಾಗಿ ಇರುವುದು ಹುಲ್ಲಿನ ಬುಡದ ನಾಲ್ಕೈದು ಸೆಂಟಿಮೀಟರ್ ಒಳಗೆ.

ಈ ಮೂರರಲ್ಲಿ ನನಗೆ ಭಯವಿರುವುದು ಎರಡನೆಯದರದ್ದು. ಗ್ರಾಂ ಹಿಕ್ಕೆಯಲ್ಲಿ 2000 ಮೊಟ್ಟೆ ಇರುವ, ಆದರೆ ನೋಡಲು ಮೈ ಮಿನುಗುವ ಕುರಿ ದಿನಕ್ಕೆ ಅರ್ಧ ಕಿಲೋ ಹಿಕ್ಕೆ ಹಾಕಿದರೂ ನಿಮ್ಮ ಬ್ಯಾಣಕ್ಕೆ ದಿನವೂ ಹತ್ತು ಲಕ್ಷ ಮೊಟ್ಟೆ ಬಿತ್ತುತ್ತದೆ. ಅದಕ್ಕೇನೂ ಆಗುವುದಿಲ್ಲ; ಸಾಯುವುದು ಪಕ್ಕದಲ್ಲಿ ಮೇಯುವ ಮೂರು ತಿಂಗಳ ಮರಿ. ಅಂಥ ಕುರಿಯನ್ನು ‘ಗಟ್ಟಿ ರಕ್ತ’ ಎಂದು ಮೆಚ್ಚಿ ಅದರ ಗಂಡುಮರಿಯನ್ನೇ ಬೀಜದ ಟಗರು ಮಾಡಿದರೆ ಹತ್ತು ವರ್ಷದಲ್ಲಿ ನಿಮ್ಮ ಬಳಿ ಚೆಂದದ ಮಂದೆಯೂ ಹುಳುವಿನ ಗದ್ದೆಯೂ ಒಟ್ಟಿಗೆ ಇರುತ್ತವೆ. ಕಣ್ಣಳತೆಯಲ್ಲಿ ಪ್ರತಿರೋಧವನ್ನೂ ಸಹನೆಯನ್ನೂ ಬೇರ್ಪಡಿಸಲು ಆಗುವುದಿಲ್ಲ. ಹಿಕ್ಕೆ ಎಣಿಸಿದರೆ ಆಗುತ್ತದೆ.

ನಿಮ್ಮ ಐದು ಕುರಿಗಳನ್ನು ಕೊಂದದ್ದು, ನೀವು ಬರೆದ ಲಕ್ಷಣ ನೋಡಿದರೆ, ಬಹುಮಟ್ಟಿಗೆ ಹೀಮಾಂಕಸ್ ಕಂಟಾರ್ಟಸ್ ಎಂಬ ದುಂಡುಹುಳು. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ಇರುತ್ತದೆ, ಎರಡು ಮೂರು ಸೆಂಟಿಮೀಟರ್ ಉದ್ದ. ಹೆಣ್ಣು ಹುಳುವಿನ ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿಯ ಗರ್ಭನಾಳ ಸುತ್ತಿಕೊಂಡು, ಕೆಂಪು ಬಿಳಿ ದಾರ ಹೊಸೆದ ಹಾಗೆ ಕಾಣುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ. ಏನು ಮಹಾ ಎನಿಸಬಹುದು. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿಲೀಟರ್. 25 ಕಿಲೋ ತೂಗುವ ಕುರಿಯ ಮೈಯಲ್ಲಿ ಇರುವುದೇ ಒಂದೂವರೆ ಲೀಟರಿನ ಆಸುಪಾಸು ರಕ್ತ. ರಕ್ತದ ಜೊತೆ ಅದರ ಪ್ರೋಟೀನೂ ಸೋರಿಹೋಗುವುದರಿಂದ ಗದ್ದದ ಕೆಳಗೆ ನೀರು ಇಳಿಯುತ್ತದೆ.

ಇದೇ ಹುಳು ಬಯಲುಸೀಮೆಯಲ್ಲೂ ಇದೆ. ಆದರೆ ಅಲ್ಲಿ ಬೇಸಿಗೆಯ ಬಿಸಿಲು ಗೋಮಾಳವನ್ನು ಸುಟ್ಟು ಶುದ್ಧ ಮಾಡುತ್ತದೆ. ನಮ್ಮಲ್ಲಿ ಆರಿದ್ರಾ ಮಳೆ ಹಿಡಿದರೆ ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ವಾರದೊಳಗೆ ಒಡೆದು, ಎರಡು ಸಲ ಪೊರೆ ಕಳಚಿ, ಕುರಿಗೆ ತಗಲುವ ಹಂತಕ್ಕೆ ಬೆಳೆದಿರುತ್ತದೆ. ಕುರಿಯ ಹೊಟ್ಟೆ ಸೇರಿ ಮೂರು ವಾರಕ್ಕೆ ಅದೇ ಮೊಟ್ಟೆಯಿಡಲು ಶುರು. ಒಂದು ಹೆಣ್ಣು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ. ಅಡಿಕೆ ತೋಟದಲ್ಲಂತೂ ನೆರಳು, ನೀರು ಎರಡೂ ಇರುವುದರಿಂದ ಸಂಕ್ರಾಂತಿ ಕಳೆದ ಮೇಲೂ ನೆಲದ ತೇವ ಆರುವುದಿಲ್ಲ. ಗದ್ದೆ ಕೊಯ್ಲಾದ ಮೇಲೆ ಬಯಲುಸೀಮೆಯ ಕುರಿಗಾರರು ಮಂದೆ ಹೊಡೆದುಕೊಂಡು ನಮ್ಮ ಕಡೆ ಬಂದು, ಗದ್ದೆಯಲ್ಲಿ ಕುರಿ ನಿಲ್ಲಿಸಿ, ಮಳೆ ಹಿಡಿಯುವ ಮುಂಚೆ ಮರಳಿ ಹೋಗುವುದನ್ನು ನೀವು ಕಂಡೇ ಇರುತ್ತೀರಿ. ಆ ನಡಿಗೆಯೇ ಅವರ ಜಂತುನಾಶಕ. ನೀವು ಆ ಕುರಿಯನ್ನೇ ತಂದು ಮಳೆಗಾಲ ಪೂರ್ತಿ ಇಲ್ಲೇ ಇರಿಸಿದ್ದೀರಿ. ಅದರ ತಲೆಮಾರುಗಳಿಗೆ ಇಷ್ಟೊಂದು ಹುಳುವಿನ ನಡುವೆ ಬದುಕುವ ಪ್ರಮೇಯ ಬಂದಿರಲಿಲ್ಲ.

ಈಗ ‘ರಕ್ತದಲ್ಲೇ ಬಂದದ್ದೇ’ ಎಂಬುದಕ್ಕೆ. ಹೌದು, ಬರುತ್ತದೆ; ಆದರೆ ಪೂರ್ತಿ ಅಲ್ಲ. ಹುಳು ಹೊಟ್ಟೆಯ ಗೋಡೆಗೆ ತಾಗಿದಾಗ ಅದನ್ನು ಗುರುತಿಸಿ ಲೋಳೆ ಸುರಿಸುವುದು, ಅಲ್ಲಿಗೆ ರಕ್ಷಣಾ ಕೋಶಗಳನ್ನು ಕಳುಹಿಸುವುದು, ಹೊಸ ಮರಿಹುಳುಗಳನ್ನು ನೆಲೆಯೂರುವ ಮುಂಚೆಯೇ ತಳ್ಳುವುದು, ಉಳಿದ ಹುಳುಗಳ ಮೊಟ್ಟೆ ತಗ್ಗಿಸುವುದು – ಇವೆಲ್ಲ ಕುರಿ ಹುಳುವಿನ ಸಂಪರ್ಕಕ್ಕೆ ಬಂದ ಮೇಲೆ ಕಲಿಯುವ ವಿದ್ಯೆ. ಎಷ್ಟು ಬೇಗ, ಎಷ್ಟು ಚೆನ್ನಾಗಿ ಕಲಿಯುತ್ತದೆ ಎಂಬುದರಲ್ಲಿ ತಂದೆ ತಾಯಿಯ ಪಾಲಿದೆ. ಮೊಟ್ಟೆ ಎಣಿಕೆಯಲ್ಲಿ ಕುರಿ ಕುರಿಗೂ ಇರುವ ವ್ಯತ್ಯಾಸದಲ್ಲಿ ನೂರಕ್ಕೆ 20ರಿಂದ 40 ಪಾಲು ವಂಶದಿಂದ ಬಂದದ್ದು ಎಂದು ಬಹುತೇಕ ಅಧ್ಯಯನಗಳು ಹೇಳುತ್ತವೆ. ಹಸುವಿನ ಹಾಲಿನ ಇಳುವರಿಗೂ ಹೆಚ್ಚುಕಡಿಮೆ ಇಷ್ಟೇ. ಹಾಲಿಗಾಗಿ ಹೋರಿ ಆರಿಸುವುದು ಸರಿ ಎನ್ನುವವರು ಹುಳುವಿಗಾಗಿ ಟಗರು ಆರಿಸುವುದನ್ನು ಕನಸು ಎನ್ನುವ ಹಾಗಿಲ್ಲ.

ರಕ್ತ ಪರೀಕ್ಷೆ? ಈ ಗುಣಕ್ಕೆ ಒಂದೇ ಒಂದು ವಂಶವಾಹಿ ಇಲ್ಲ; ಚಿಕ್ಕ ಚಿಕ್ಕ ಪ್ರಭಾವದ ಬಹಳಷ್ಟು ವಂಶವಾಹಿಗಳು ಸೇರಿ ಆಗುವ ಗುಣ ಇದು. ಹೋಲಿಕೆಗೆ ಅವಳಿ ಮರಿಯ ಗುಣವನ್ನು ನೋಡಿ. ಬಂಗಾಳದ ಗ್ಯಾರೋಲ್ ಕುರಿಯಲ್ಲಿ ಇರುವ ಫೆಕ್-ಬಿ ಎಂಬ ಒಂದೇ ವಂಶವಾಹಿ ಹೆಚ್ಚು ಮರಿ ಕೊಡುತ್ತದೆ. ಬಂಗಾಳದ ಕುರಿಗಳು 1790ರ ದಶಕದಲ್ಲಿ ಹಡಗು ಹತ್ತಿ ಆಸ್ಟ್ರೇಲಿಯಾ ಸೇರಿದ್ದರಿಂದ ಅಲ್ಲಿನ ಮೆರಿನೊ ಕುರಿಗೂ ಅದು ದಾಟಿತು ಎಂದು ತಿಳಿಯಲಾಗಿದೆ. ಮಹಾರಾಷ್ಟ್ರದ ಫಲ್ಟಣದಲ್ಲಿ ಅದನ್ನೇ ಡೆಕ್ಕನಿ ಕುರಿಗೆ ತಂದು ನಾರಿ ಸುವರ್ಣ ಎಂಬ ಕುರಿ ರೂಪಿಸಿದರು. ಒಂದೇ ವಂಶವಾಹಿಯಾದ್ದರಿಂದ ಒಂದು ಹನಿ ರಕ್ತದಲ್ಲಿ ‘ಇದೆ, ಇಲ್ಲ’ ಎನ್ನಬಹುದು. ಹುಳುವಿನ ವಿಷಯದಲ್ಲಿ ನಿಮ್ಮಂಥ ಸಾಕಣೆದಾರರ ಕೆಲಸಕ್ಕೆ ಬರುವ ಅಂಥ ಪರೀಕ್ಷೆ ಇಲ್ಲ. ಸದ್ಯಕ್ಕೆ ನಮ್ಮ ‘ಜೀನ್ ಪರೀಕ್ಷೆ’ ಹಿಕ್ಕೆ, ಅದರಲ್ಲಿರುವ ಮೊಟ್ಟೆಯನ್ನು ತೇಲಿಸಲು ಉಪ್ಪುನೀರು, ಎಣಿಸಲು ಸೂಕ್ಷ್ಮದರ್ಶಕ.

ತಳಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಸುಂದರಬನದ ಜೌಗಿನಲ್ಲಿ ಮೊಣಕಾಲು ನೀರಿನಲ್ಲಿ ಮೇಯುವ ಇದೇ ಗ್ಯಾರೋಲ್ ಹೀಮಾಂಕಸ್ ಹುಳುವಿಗೆ ಚೆನ್ನಾಗಿ ಎದುರು ನಿಲ್ಲುತ್ತದೆ ಎಂದು ಫಲ್ಟಣದ ಪ್ರಯೋಗಗಳಲ್ಲಿ ಕಂಡಿತು. ಆದರೆ ಬೆಳೆದ ಗ್ಯಾರೋಲ್ ಕುರಿಯ ತೂಕ ಹದಿನೈದು ಕಿಲೋ ಮುಟ್ಟಿದರೆ ದೊಡ್ಡದು. ಮಾಂಸಕ್ಕೆ ಮಾರುವವರ ಮುಖ ಆ ತೂಕ ನೋಡಿಯೇ ಬಾಡುತ್ತದೆ. ಕೀನ್ಯಾದ ರೆಡ್ ಮಸಾಯಿ ಕುರಿಯ ಕಥೆ ನಮಗೆ ಇನ್ನೂ ಹತ್ತಿರ. ಅದನ್ನು ಡಾರ್ಪರ್ ಎಂಬ ದೊಡ್ಡ ಮಾಂಸದ ತಳಿಯೊಂದಿಗೆ ಇಟ್ಟು ನೋಡಿದಾಗ, ಕರಾವಳಿಯ ತೇವದಲ್ಲಿ ಡಾರ್ಪರ್ ಮರಿಗಳು ಸಾಲಾಗಿ ಸತ್ತು ರೆಡ್ ಮಸಾಯಿಯೇ ಲಾಭದಾಯಕವಾಯಿತು. ಒಣ ಪ್ರದೇಶದಲ್ಲಿ ಆ ಮೇಲುಗೈ ಬಹುಮಟ್ಟಿಗೆ ಕರಗಿಹೋಯಿತು. ಚಿತ್ರದುರ್ಗದಲ್ಲಿ ಗೆದ್ದ ಟಗರು ಹೊಸನಗರದಲ್ಲಿ ಗೆಲ್ಲಬೇಕೆಂದಿಲ್ಲ ಎಂದು ನಾನು ಹೇಳಿದರೆ ಮುನಿಸಿಕೊಳ್ಳುವವರಿಗೆ ಇದನ್ನು ಹೇಳುತ್ತೇನೆ. ದನಕ್ಕೆ ನಮ್ಮಲ್ಲಿ ಮಲೆನಾಡು ಗಿಡ್ಡ ಇದೆ, ಮಳೆ ತಿಂದು ಬೆಳೆದ ತಳಿ. ಕುರಿಗೆ ಅಂಥದ್ದು ಘಟ್ಟದ ಈ ಭಾಗದಲ್ಲಿ ಬೆಳೆದುಬರಲಿಲ್ಲ, ಏಕೆಂದರೆ ಕುರಿ ಇಲ್ಲಿಗೆ ಬಂದು ಹೋಗುವ ನೆಂಟ.

ಹೊರಗಿನಿಂದ ತಳಿ ತರುವುದಕ್ಕಿಂತ ಇರುವ ಮಂದೆಯೊಳಗೇ ಆರಿಸುವುದು ನನಗೆ ಹೆಚ್ಚು ನಂಬಿಕೆಯ ದಾರಿ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯಲ್ಲಿ ಮಾಲ್ಪುರ, ಅವಿಕಾಲಿನ್ ಕುರಿಗಳನ್ನು ಹೀಗೆ ಮೊಟ್ಟೆ ಎಣಿಕೆಯ ಮೇಲೆ ಆರಿಸಿ, ಪ್ರತಿರೋಧದ ಸಾಲು ಮತ್ತು ಸುಲಭವಾಗಿ ಹುಳು ಹತ್ತುವ ಸಾಲು ಎಂದು ಬೇರೆ ಬೇರೆ ಬೆಳೆಸಿದ್ದಾರೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ರೈಲಿಂಗ್ಟನ್ ಮೆರಿನೊ ಎಂಬ ಮಂದೆಯಲ್ಲಿ 1987ರಿಂದ ಇದೇ ಕೆಲಸ ನಡೆಯಿತು, ಮೊಟ್ಟೆ ಎಣಿಕೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಅಲ್ಲಿ ಒಂದು ಅಡ್ಡ ಪರಿಣಾಮವೂ ಕಂಡಿತು: ಪ್ರತಿರೋಧ ಹೆಚ್ಚಿದ ಕೆಲವು ಕುರಿಗಳು ಹುಳು ಕಡಿಮೆ ಇದ್ದರೂ ಭೇದಿ ಮಾಡಿಕೊಳ್ಳುತ್ತಿದ್ದವು, ಮೈಯ ರಕ್ಷಣೆಯೇ ಅತಿಯಾಗಿ ಕೆರಳಿದ್ದರಿಂದ.

ನಿಮ್ಮ ಮಂದೆಯಲ್ಲಿ ಇದನ್ನು ಹೇಗೆ ಮಾಡುವುದು? ದೊಡ್ಡ ಅಡ್ಡಿ ನೀವು ತಿಂಗಳಿಗೊಮ್ಮೆ ಎಲ್ಲಕ್ಕೂ ಕುಡಿಸುವ ಔಷಧಿ. ಬೈಯುತ್ತಿಲ್ಲ, ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಅದನ್ನೇ ಬರೆದುಕೊಟ್ಟವನು. ಎಲ್ಲಕ್ಕೂ ಕುಡಿಸಿದರೆ ಗಟ್ಟಿ ಕುರಿ ಯಾವುದು, ಸೊರಗು ಕುರಿ ಯಾವುದು ತಿಳಿಯುವುದೇ ಇಲ್ಲ. ನಿಮ್ಮ ನಾಲ್ಕು ಕುರಿಗಳು ಕಣ್ಣಿಗೆ ಬಿದ್ದದ್ದೂ ಅವು ಓಡಿ ತಪ್ಪಿಸಿಕೊಂಡಿದ್ದರಿಂದ. ಜೊತೆಗೆ, ಔಷಧಿಗೆ ಸಾಯದ ಹುಳು ಮಾತ್ರ ಉಳಿದು ಮರಿ ಮಾಡುತ್ತದೆ. ನೀವು ಕುರಿಯ ತಳಿ ಅಭಿವೃದ್ಧಿ ಮಾಡಬೇಕೆಂದಿದ್ದೀರಿ; ಈವರೆಗೆ ಮಾಡಿರುವುದು ಹುಳುವಿನ ತಳಿ ಅಭಿವೃದ್ಧಿ. ಆಲ್ಬೆಂಡಜೋಲ್ ಗುಂಪಿನ ಜಂತಿನ ಔಷಧಿಗೆ ಜಗ್ಗದ ಹೀಮಾಂಕಸ್ ನಮ್ಮ ದೇಶದ ಹಲವು ಕಡೆ ಕಂಡಿದೆ. ನಿಮ್ಮಲ್ಲೂ ಹಾಗೆಯೇ ಎಂದು ಊಹಿಸುವುದು ಬೇಡ: ಔಷಧಿ ಕೊಡುವ ದಿನ ಮತ್ತು ಕೊಟ್ಟ ಹತ್ತರಿಂದ ಹದಿನಾಲ್ಕನೆಯ ದಿನ ಅವೇ ಹತ್ತು ಕುರಿಗಳ ಹಿಕ್ಕೆ ಎಣಿಸಿದರೆ ಗೊತ್ತಾಗುತ್ತದೆ. ಮೊಟ್ಟೆ ನೂರಕ್ಕೆ 95ರಷ್ಟಾದರೂ ಇಳಿಯದಿದ್ದರೆ ಆ ಔಷಧಿಯ ಕಾಲ ನಿಮ್ಮ ಕೊಟ್ಟಿಗೆಯಲ್ಲಿ ಮುಗಿಯುತ್ತಿದೆ. ಕುರಿಯ ತೂಕವನ್ನು ಕಣ್ಣಂದಾಜಿನಲ್ಲಿ ಹೇಳಿ ಕಡಿಮೆ ಕುಡಿಸಿದ್ದರೂ ಹೀಗಾಗುತ್ತದೆ, ತಕ್ಕಡಿ ತನ್ನಿ.

ಹಾಗಾದರೆ ಔಷಧಿ ನಿಲ್ಲಿಸಬೇಕೇ? ಪೂರ್ತಿ ನಿಲ್ಲಿಸಿದರೆ ಆಶ್ಲೇಷ ಮಳೆಯ ಹೊತ್ತಿಗೆ ಅರ್ಧ ಮಂದೆ ಇರುವುದಿಲ್ಲ. ಬೇಕಾದವಕ್ಕೆ ಮಾತ್ರ ಕೊಡಿ. ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಫಮಾಚಾ ಎಂಬ ಬಣ್ಣದ ಪಟ್ಟಿ ಇದಕ್ಕೆಂದೇ ಇದೆ. ಕುರಿಯ ಕೆಳರೆಪ್ಪೆ ಬಿಡಿಸಿ ಒಳಗಿನ ಕೆಂಪನ್ನು ಒಂದರಿಂದ ಐದರವರೆಗಿನ ಬಣ್ಣಕ್ಕೆ ಹೋಲಿಸುವುದು. ಒಂದು, ಎರಡು ಇದ್ದರೆ ಬಿಡಿ. ನಾಲ್ಕು, ಐದಕ್ಕೆ ಅಂದೇ ಔಷಧಿ. ಮೂರು ಬಂದರೆ ಮರಿ, ಗಬ್ಬದ ಕುರಿ, ಹಾಲೂಡಿಸುವ ಕುರಿಗೆ ಕೊಡಿ. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆಯಾದರೂ, ಬಯಲಿನ ಬೆಳಕಿನಲ್ಲಿ ನೋಡಬೇಕು. ಮಬ್ಬು ಕೊಟ್ಟಿಗೆಯಲ್ಲಿ ಎಲ್ಲ ಕಣ್ಣೂ ಬಿಳಿಯೇ. ಕಿವಿಗೆ ಓಲೆ ಸಂಖ್ಯೆ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ. ಯಾವುದೇ ಮಂದೆಯಲ್ಲಿ ಹುಳುವಿನ ಬಹುಪಾಲು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತದೆ. ಒಂದೇ ಮಳೆಗಾಲದಲ್ಲಿ ಮೂರು ಸಲ ಔಷಧಿ ಬೇಡಿದ ಕುರಿಯನ್ನು ದೀಪಾವಳಿಗೆ ಮುಂಚೆ ಮಾಂಸಕ್ಕೆ ಕೊಡಿ, ಅದು ನಿಮ್ಮ ಮಗಳ ಮೆಚ್ಚಿನ ಕುರಿಯಾಗಿದ್ದರೂ.

ಕಣ್ಣು ನೋಡುವುದು ಬದುಕಿಸಲು. ತಳಿಗೆ ಆರಿಸಲು ಮೊಟ್ಟೆ ಎಣಿಕೆಯೇ ಬೇಕು. ಹಾಲು ಬಿಡಿಸಿದ, ನಾಲ್ಕರಿಂದ ಎಂಟು ತಿಂಗಳ ಒಂದೇ ವಯಸ್ಸಿನ ಗಂಡುಮರಿಗಳನ್ನು ಒಟ್ಟಿಗೆ ಮೇಯಿಸಿ. ಹಿಂದಿನ ಆರೆಂಟು ವಾರ ಅವಕ್ಕೆ ಔಷಧಿ ಬಿದ್ದಿರಬಾರದು. ಮೊದಲು ನಾಲ್ಕೈದು ಮರಿಗಳ ಹಿಕ್ಕೆ ನೋಡಿ ಸರಾಸರಿ ಗ್ರಾಮಿಗೆ 500 ಮೊಟ್ಟೆಯಾದರೂ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಹುಳುವೇ ಇಲ್ಲದ ಕಾಲದಲ್ಲಿ ಎಲ್ಲವೂ ಶೂರರೇ. ಆಮೇಲೆ ಪ್ರತಿಯೊಂದರದ್ದೂ ಬೇರೆ ಬೇರೆ ಎಣಿಸಿ. ಈ ನಡುವೆ ಕಣ್ಣು ಬಿಳಿಚಿದ ಮರಿಗೆ ಔಷಧಿ ಕೊಟ್ಟು ಸ್ಪರ್ಧೆಯಿಂದ ಹೊರಗಿಡಿ. ಸಾಧ್ಯವಾದರೆ ನಾಲ್ಕು ವಾರ ಬಿಟ್ಟು ಮತ್ತೊಮ್ಮೆ. ಒಂದೇ ಎಣಿಕೆ ಮೋಸ ಮಾಡುತ್ತದೆ. ಈದ ಕುರಿಯನ್ನು ಗೊಡ್ಡು ಕುರಿಯೊಂದಿಗೆ ಹೋಲಿಸಲೇಬೇಡಿ, ಏಕೆಂದರೆ ಈಯುವ ಎರಡು ವಾರ ಮುಂಚಿನಿಂದ ಹಾಲೂಡಿಸುವ ಮೊದಲ ಒಂದೆರಡು ತಿಂಗಳವರೆಗೆ ಎಂಥ ಕುರಿಯ ಕಾವಲೂ ಸಡಿಲವಾಗುತ್ತದೆ.

ಎಷ್ಟು ಫಲ ಸಿಗುತ್ತದೆ ಎಂಬ ಲೆಕ್ಕವನ್ನೂ ಕೊಡುತ್ತೇನೆ, ಆಮೇಲೆ ನನ್ನನ್ನು ದೂರಬಾರದು. ಜೊತೆಯ ಮರಿಗಳ ಸರಾಸರಿ ಗ್ರಾಮಿಗೆ 2500 ಮೊಟ್ಟೆ ಇದ್ದಾಗ 1500 ಇರುವ ಗಂಡುಮರಿಯನ್ನು ಆರಿಸಿದಿರಿ ಎನ್ನಿ. ಆ 1000 ವ್ಯತ್ಯಾಸದಲ್ಲಿ ವಂಶದ ಪಾಲು ಸುಮಾರು 300. ಟಗರು ಕೊಡುವುದು ಅರ್ಧ ಪಾಲು. ಹಾಗಾಗಿ ಅದರ ಮರಿಗಳು ಸರಾಸರಿ 150 ಮೊಟ್ಟೆ ಕಡಿಮೆ ಹಾಕಬಹುದು. ಒಂದು ವರ್ಷಕ್ಕೆ ಇದು ಕಣ್ಣಿಗೂ ಕಾಣದು. ಐದಾರು ಟಗರುಗಳ ಸರದಿ ಹೀಗೆ ಕಳೆದರೆ ಕಾಣುತ್ತದೆ, ಅದರ ಜೊತೆ ಬ್ಯಾಣಕ್ಕೆ ಬೀಳುವ ಮೊಟ್ಟೆಯೇ ತಗ್ಗುವುದರಿಂದ ಇಡೀ ಮಂದೆಗೆ ಅನುಕೂಲ. ನಿಮ್ಮ ಹದಿಮೂರು ಹೆಣ್ಣು ಕುರಿಗಳಿಂದಷ್ಟೇ ಇದು ಆಗದು. ಆರಿಸಲು ಗಂಡುಮರಿಗಳೇ ಸಾಲುವುದಿಲ್ಲ, ಎರಡು ವರ್ಷಕ್ಕೇ ಟಗರು ತನ್ನ ಮಗಳ ಮೇಲೆ ಹಾರುತ್ತದೆ. ಸುತ್ತಲಿನ ಎಂಟು ಹತ್ತು ಸಾಕಣೆದಾರರು ಸೇರಿ ಗಂಡುಮರಿಗಳನ್ನು ಒಟ್ಟಿಗೆ ಎಣಿಸಿ, ಆರಿಸಿದ ಟಗರನ್ನು ಸರದಿಯಲ್ಲಿ ಬದಲಾಯಿಸಿಕೊಂಡರೆ ಕೆಲಸ ಕೈಗೂಡುತ್ತದೆ.

ಮಲೆನಾಡಿಗೇ ಸೇರಿದ ಒಂದು ಎಚ್ಚರಿಕೆ. ನಿಮ್ಮ ಕುರಿಗಳು ಕೊಯ್ಲಾದ ಗದ್ದೆಗೆ, ಹಳ್ಳದ ಬದಿಗೆ ಹೋಗುತ್ತವೆಯಾದರೆ ಬಸವನಹುಳುವಿನಿಂದ ಬರುವ ಯಕೃತ್ತಿನ ಚಪ್ಪಟೆಹುಳುವೂ ಕಣ್ಣು ಬಿಳಿಚಿಸುತ್ತದೆ, ಗದ್ದ ಊದಿಸುತ್ತದೆ. ಅದರ ಮೊಟ್ಟೆ ಭಾರ. ಉಪ್ಪುನೀರಿನಲ್ಲಿ ತೇಲುವುದಿಲ್ಲ, ತಳದ ಚರಟ ನೋಡಬೇಕು. ಎರಡನ್ನೂ ನೋಡಿರೆಂದು ಪ್ರಯೋಗಾಲಯದಲ್ಲಿ ಬಾಯಿಬಿಟ್ಟು ಕೇಳಿ. ದುಂಡುಹುಳುವಿಗೆ ಗಟ್ಟಿಯಾದ ಕುರಿ ಚಪ್ಪಟೆಹುಳುವಿಗೂ ಗಟ್ಟಿ ಎಂದು ನಂಬುವಂತಿಲ್ಲ. ಇಂಡೊನೇಷ್ಯಾದ ಸಣ್ಣಬಾಲದ ಕುರಿಯಂತೂ ನಮ್ಮ ಕಡೆಯ ಜೈಗಾಂಟಿಕಾ ಜಾತಿಯ ಚಪ್ಪಟೆಹುಳುವನ್ನು ಎಳವೆಯಲ್ಲೇ ಕೊಂದುಹಾಕುತ್ತದೆ, ಅದರ ಸೋದರ ಜಾತಿಯಾದ ಹೆಪಾಟಿಕಾ ಬಂದರೆ ಸೋಲುತ್ತದೆ.

ಉಳಿದದ್ದು ನಿಮಗೆ ಗೊತ್ತಿರುವ ಕೆಲಸವೇ. ಅಡಿಕೆ ದಬ್ಬೆಯ ಅಟ್ಟಣಿಗೆ ಹಾಕಿ ಹಿಕ್ಕೆ ಕೆಳಗೆ ಬೀಳುವಂತೆ ಮಾಡಿ, ಗೊಬ್ಬರವನ್ನು ಗುಂಡಿಯಲ್ಲಿ ಕಾವೇರಿಸಿಯೇ ತೋಟಕ್ಕೆ ಹಾಕಿ, ಮಳೆ ಜೋರಿರುವ ದಿನ ಹಲಸಿನ ಸೊಪ್ಪು ಕಟ್ಟಿ ಮೇಯಿಸಿ. ಹಿಂಡಿಗೆ ಜುಗ್ಗತನ ಮಾಡಬೇಡಿ. ಹುಳುವಿನೊಡನೆ ಹೋರಾಡಲು ಮೈಗೆ ಪ್ರೋಟೀನ್ ಬೇಕು, ಹಸಿದ ಕುರಿಯಲ್ಲಿ ಒಳ್ಳೆಯ ವಂಶವೂ ತೋರಿಬರದು.

ಮುಂದಿನ ವಾರ ಆ ನಾಲ್ಕು ಕುರಿಗಳನ್ನು ಹೇಗಾದರೂ ಹಿಡಿಯಿರಿ. ಇತ್ತೀಚೆಗೆ ಈಯದ, ಅವುಗಳದೇ ವಯಸ್ಸಿನ ಬೇರೆ ನಾಲ್ಕನ್ನೂ ಹಿಡಿಯಿರಿ. ಆ ನಾಲ್ಕಕ್ಕೆ ಈ ತಿಂಗಳ ಔಷಧಿ ಬಿದ್ದಿದ್ದರೆ ಆರು ವಾರ ಕಾದು, ಅಷ್ಟರವರೆಗೆ ಕಣ್ಣು ನೋಡುತ್ತ ಇರಿ. ನೆಲದಿಂದ ಆರಿಸದೆ ಗುದದ್ವಾರದಿಂದಲೇ ಹತ್ತು ಗ್ರಾಮಿನಷ್ಟು ಹಿಕ್ಕೆ ತೆಗೆದು, ಒಂದೊಂದನ್ನೂ ಬೇರೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಗಾಳಿ ಹಿಂಡಿ ಕಟ್ಟಿ, ಮೇಲೆ ಓಲೆ ಸಂಖ್ಯೆ ಬರೆಯಿರಿ. ಬೆಚ್ಚಗಿಟ್ಟರೆ ದಾರಿಯಲ್ಲೇ ಮೊಟ್ಟೆ ಒಡೆದು ಲೆಕ್ಕ ಕೆಡುತ್ತದೆ. ಐಸ್ ಚೀಲದ ಜೊತೆ ಇಟ್ಟು ಅದೇ ದಿನ ತಾಲ್ಲೂಕು ಪಶು ಆಸ್ಪತ್ರೆಗೋ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ತಲುಪಿಸಿ. ಸಂತೆಯಿಂದ ತಂದ ಆ ಟಗರಿನ ಹಿಕ್ಕೆಯೂ ಇರಲಿ. ಈಗ ಹುಟ್ಟುತ್ತಿರುವ ಪ್ರತಿ ಮರಿಯಲ್ಲೂ ಅರ್ಧ ಅದರದ್ದೇ, ಮತ್ತು ನಿಮ್ಮ ಪತ್ರದಲ್ಲಿ ಅದರ ಆರೋಗ್ಯದ ಬಗ್ಗೆ ಒಂದು ಸಾಲೂ ಇಲ್ಲ.